‘ಆದ ಮೇಲೆ’ ಬೇರೆ, ‘ಆದ್ದರಿಂದ’ ಬೇರೆ

2021ರ ಏಪ್ರಿಲ್‌, ಕೋವಿಡ್‌ ಎರಡನೇ ಅಲೆಯ ಕಾಲ. ಮೂಗಿಗೆ ನಿಂಬೆರಸದ ಹನಿ ಬಿಟ್ಟರೆ ದೇಹದಲ್ಲಿ ಆಮ್ಲಜನಕದ ಪ್ರಮಾಣ ಏರುತ್ತದೆ ಎಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಹುಬ್ಬಳ್ಳಿಯ ಉದ್ಯಮಿ, ಮಾಜಿ ಸಂಸದ ವಿಜಯ ಸಂಕೇಶ್ವರ ಅವರು ಪತ್ರಿಕಾಗೋಷ್ಠಿಯಲ್ಲಿ ಇದನ್ನೇ ಹೇಳಿ, ತಮ್ಮ ಪರಿಚಿತರಿಗೆ ಗುಣವಾಗಿದೆ ಎಂದಿದ್ದರು. ತಿಂಗಳ ಕೊನೆಗೆ ರಾಯಚೂರು ಜಿಲ್ಲೆಯ ಸಿಂಧನೂರಿನಲ್ಲಿ ಶಿಕ್ಷಕರೊಬ್ಬರು ಮೂಗಿಗೆ ನಿಂಬೆರಸ ಹಾಕಿಕೊಂಡ ಮೇಲೆ ಅಸ್ವಸ್ಥರಾಗಿ ತೀರಿಕೊಂಡರೆಂದು ವರದಿಯಾಯಿತು.

ಸಾವಿಗೆ ನಿಂಬೆರಸವೇ ಕಾರಣವೆಂದು ಈ ವರದಿಯೊಂದರಿಂದಲೇ ನಾವು ಹೇಳಲಾಗದು. ಗುಣವಾದದ್ದು ನಿಂಬೆರಸದಿಂದಲೇ ಎನ್ನುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಒಂದಾದ ಮೇಲೆ ಇನ್ನೊಂದು ನಡೆದ ಮಾತ್ರಕ್ಕೆ ಮೊದಲನೆಯದು ಕಾರಣವಾಗುವುದಿಲ್ಲ. ತರಗತಿಯಲ್ಲಿ ಕಲಿಸಬೇಕಾದದ್ದು ಇದನ್ನು.

ನಾವು ಮಾಡುತ್ತಿರುವುದೇನು? ಪಾಠಯೋಜನೆಯಲ್ಲಿ ‘ವೈಜ್ಞಾನಿಕ ಮನೋಭಾವ ಬೆಳೆಸುವುದು’ ಎಂದು ಬರೆಯುತ್ತೇವೆ. ಮಕ್ಕಳಿಗೆ ‘ಮೊಬೈಲಿನಲ್ಲಿ ಬಂದದ್ದನ್ನು ನಂಬಬೇಡಿ’ ಎಂದು ಹೇಳಿ ಮುಗಿಸುತ್ತೇವೆ. ಅದು ಬೋಧನೆಯಲ್ಲ, ಬರೀ ಉಪದೇಶ. ನಾಳೆ ಇನ್ನೂ ದೊಡ್ಡವರು ಹೇಳಿದರೆ ಮಗು ಅವರನ್ನು ನಂಬುತ್ತದೆ.

ಹತ್ತನೆಯ ತರಗತಿಯ ‘ಜೀವಕ್ರಿಯೆಗಳು’ ಪಾಠದಲ್ಲಿ ಹತ್ತು ನಿಮಿಷ ತೆಗೆದಿಟ್ಟು, ಆ ಸಂದೇಶವನ್ನೇ ಕಪ್ಪುಹಲಗೆಯ ಮೇಲೆ ಬರೆಯೋಣ. ಆಮ್ಲಜನಕ ರಕ್ತಕ್ಕೆ ಸೇರುವುದು ಎಲ್ಲಿ? ಶ್ವಾಸಕೋಶದ ಗಾಳಿಗೂಡುಗಳಲ್ಲಿ. ಹಾಗಾದರೆ ಮೂಗಿನ ಹನಿ ಅಲ್ಲಿ ಏನು ಮಾಡೀತು? ಬೆರಳು ಅಲುಗಿದರೂ, ಕೈ ತಣ್ಣಗಿದ್ದರೂ ಆಕ್ಸಿಮೀಟರಿನ ಅಂಕಿ ಬದಲಾಗಬಹುದಲ್ಲವೇ? ಗುಣವಾದವರು ಬೇರೆ ಔಷಧ ತೆಗೆದುಕೊಂಡಿದ್ದರೇ? ಏನೂ ಮಾಡದೆ ಗುಣವಾದವರೆಷ್ಟು? ಹನಿ ಬಿಟ್ಟುಕೊಂಡೂ ಗುಣವಾಗದವರ ಸುದ್ದಿ ನಮಗೆ ತಲುಪಿತೇ? ಗುಣವಾದವರು ಊರಿಗೆಲ್ಲ ಹೇಳುತ್ತಾರೆ, ತೀರಿಕೊಂಡವರು ಹೇಳಲಾರರು.

ಇದರಿಂದ ಮಕ್ಕಳು ಹಿರಿಯರಿಗೆ ಎದುರುತ್ತರ ಕೊಡಲು ಕಲಿಯುತ್ತಾರೆ, ಮನೆಮದ್ದಿಗೆ ಅವಮಾನವಾಗುತ್ತದೆ ಎಂಬ ಆಕ್ಷೇಪವುಂಟು. ನಿಂಬೆ ಪಾನಕದ ಬಗ್ಗೆ ಇಲ್ಲಿ ಯಾರ ತಕರಾರೂ ಇಲ್ಲ. ‘ಅಜ್ಜಾ, ಇದನ್ನ ಮಾಡಿನೂ ಆರಾಮ ಆಗದವರು ಅದಾರೇನು?’ ಎಂದು ಮೊಮ್ಮಗಳು ಕೇಳಿದರೆ ಅಜ್ಜನ ಮರ್ಯಾದೆ ಹೋಗುವುದಿಲ್ಲ. ಅಜ್ಜನೂ ಒಂದು ಕ್ಷಣ ಯೋಚಿಸುತ್ತಾನೆ.

ಪ್ರಶಿಕ್ಷಣಾರ್ಥಿಗಳು ಈ ಅಭ್ಯಾಸಪಾಠಗಳಲ್ಲಿ ಇಂಥದೊಂದು ಸಂದೇಶವನ್ನಾದರೂ ಬಳಸಲಿ. ಪಾಠ ಅವಲೋಕಿಸುವ ಮಾರ್ಗದರ್ಶಕರು, ಮಕ್ಕಳು ಕೊಟ್ಟ ಉತ್ತರಗಳ ಜೊತೆಗೆ ಅವರು ಕೇಳಿದ ಪ್ರಶ್ನೆಗಳನ್ನೂ ಬರೆದುಕೊಳ್ಳಲಿ.