ಡಿಗ್ರಿ ಮನೆಯಲ್ಲಿ, ಲೆಕ್ಕ ಅಂಗಡಿಯಲ್ಲಿ

2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ನೋಟಿಸ್ ಕಳಿಸಿದಾಗ ಬೇಕರಿ, ಚಹಾದಂಗಡಿ, ಕಾಂಡಿಮೆಂಟ್ಸ್‌ನವರು ಕಂಗಾಲಾದರು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ಬಂದದ್ದು 29 ಲಕ್ಷ ರೂಪಾಯಿಯ ನೋಟಿಸ್. ಕ್ಯೂಆರ್ ಕೋಡ್ ಕಿತ್ತು ‘ನಗದು ಮಾತ್ರ’ ಅಂತ ಬೋರ್ಡ್ ಹಾಕಿದವರೂ ಇದ್ದರು. ಕೊನೆಗೆ ಮುಖ್ಯಮಂತ್ರಿಗಳೇ ಸಭೆ ಕರೆದು, ಹಳೆ ಬಾಕಿ ವಸೂಲಿ ಮಾಡುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಿ ಎಂದ ಮೇಲೆ ಗಲಾಟೆ ತಣ್ಣಗಾಯಿತು. ಆದರೆ ನಾವು ನಮಗೇ ಕೇಳಿಕೊಳ್ಳಬೇಕಾದ ಪ್ರಶ್ನೆ ಹಾಗೇ ಉಳಿದಿದೆ.

ಇಂಥ ಅಂಗಡಿ ನಡೆಸುವ ಎಷ್ಟೋ ಮನೆಗಳಲ್ಲಿ ಈಗ ಬಿ.ಕಾಂ., ಬಿಬಿಎ ಓದಿದ ಮಕ್ಕಳಿದ್ದಾರೆ. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ, ಸೇವೆ ಕೊಡುವವರದ್ದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ತಾಜಾ ತರಕಾರಿಗೆ ತೆರಿಗೆ ಇಲ್ಲ ಎನ್ನುವುದೆಲ್ಲ ಅವರು ಓದಿದ ಪಾಠವೇ. ಪರೀಕ್ಷೆಯಲ್ಲಿ ಬರೆದು ಮಾರ್ಕೂ ತೆಗೆದಿರುತ್ತಾರೆ. ಆದರೆ ತಂದೆಯ ಅಂಗಡಿಯಲ್ಲಿ ವರ್ಷಕ್ಕೆ ಎಷ್ಟು ವ್ಯಾಪಾರ ಅಂತ ಕೇಳಿದರೆ ಉತ್ತರ ಇಲ್ಲ.

ತಂದೆಗೆ ವ್ಯಾಪಾರ ಗೊತ್ತು. ಯಾರಿಗೆ ಸಾಲ ಕೊಡಬಹುದು, ಮಳೆಗಾಲಕ್ಕೆ ಎಷ್ಟು ಮಾಲು ಇಳಿಸಬೇಕು ಎಂಬುದಕ್ಕೆ ಅವರಿಗೆ ಪುಸ್ತಕ ಬೇಡ. ಆದರೆ ಗಿರಾಕಿಯ ದುಡ್ಡು, ಭಾವ ಕೊಟ್ಟ ಕೈಸಾಲ, ಮನೆ ಬಾಡಿಗೆ ಎಲ್ಲವೂ ಒಂದೇ ಖಾತೆಗೆ ಬೀಳುತ್ತದೆ. ಯಾವುದು ಏನು ಅಂತ ಅವರ ತಲೆಯಲ್ಲಿದೆ, ಕಾಗದದಲ್ಲಿ ಇಲ್ಲ. ಯುಪಿಐ ಲೆಕ್ಕದಲ್ಲಿ ಕಾಣುವುದು ಒಟ್ಟು ಮೊತ್ತ ಮಾತ್ರ.

ಕಾಲೇಜಿನ ಲೆಕ್ಕದಲ್ಲಿ ಹೀಗೆ ಕಲಸಿದ ಖಾತೆ ಬರುವುದಿಲ್ಲ. ಅಲ್ಲಿ ಬಂಡವಾಳ, ಮಾರಾಟ, ಸಾಲ ಮೊದಲೇ ಬೇರೆ ಬೇರೆ ಬರೆದು ಕೊಟ್ಟಿರುತ್ತಾರೆ. ಹಾಗೆ ಬೇರೆ ಮಾಡುವುದೇ ಅಂಗಡಿಯ ನಿಜವಾದ ಕೆಲಸ. ತಂದೆ ಕಲಿಯದ ಪಾಠ, ಕಾಲೇಜು ಕಲಿಸದ ಪಾಠ ಎರಡೂ ಅದೇ.

ತುಳುವಿನ ‘ಬ್ಯಾರ’, ಅಂದರೆ ವ್ಯಾಪಾರ, ಅದರಿಂದಲೇ ಬ್ಯಾರಿ ಎಂಬ ಹೆಸರು ಬಂತು ಅಂತ ನಾವು ಹೇಳಿಕೊಳ್ಳುತ್ತೇವೆ. ಆದರೆ ಮಗ ಓದಿದವನು, ಅಂಗಡಿಯಲ್ಲಿ ಯಾಕೆ ಕೂರಬೇಕು ಎನ್ನುವವರೂ ನಾವೇ. ಕಂಪೆನಿಯ ಇಂಟರ್ನ್‌ಶಿಪ್ ಸರ್ಟಿಫಿಕೇಟಿಗೆ ಓಡಾಡುವ ಬದಲು ಪ್ರತಿ ವಿದ್ಯಾರ್ಥಿ ಒಂದು ಸಣ್ಣ ಅಂಗಡಿಯ ಒಂದು ವರ್ಷದ ಲೆಕ್ಕ ಬರೆಯಲಿ, ಕಾಲೇಜು ಅದಕ್ಕೆ ಅಂಕ ಕೊಡಲಿ. ಅದಾಗುವವರೆಗೆ ಕಾಯುವುದೂ ಬೇಡ. ಅಂಗಡಿಗೆ ಬೇರೆ ಬ್ಯಾಂಕ್ ಖಾತೆ ಮಾಡಿಸಿ, ವಾರಕ್ಕೊಮ್ಮೆ ಒಂದು ಗಂಟೆ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಫೀಸು ಕಟ್ಟಿದ್ದೇವೆ, ಅದರ ಪ್ರಯೋಜನ ಮೊದಲು ನಮ್ಮ ಅಂಗಡಿಗೇ ಸಿಗಲಿ.