ಒಂದೇ ದ್ವೀಪದ ಬ್ರಿಗೇಡು

ಇಟಲಿ ಸೈನ್ಯದಲ್ಲಿ 'ಸಸ್ಸಾರಿ' ಅಂತ ಒಂದು ಮೆಕನೈಸ್ಡ್ ಬ್ರಿಗೇಡ್ ಇದೆ. ಕೋಡ್ ಬರೆಯೋನಿಗೆ ಇದೆಲ್ಲ ಯಾಕೆ ಅಂತೀರಾ? ಭಾಷೆಯ ವಿಷಯ ಇದೆ, ಓದಿ :-)

ಆಗಿನ ಇಟಲಿ, ದೇಶ ಒಗ್ಗೂಡಲಿ ಅಂತ, ಬೇರೆ ಬೇರೆ ಪ್ರಾಂತ್ಯದವರನ್ನು ಬೆರೆಸಿ ಕಾಲಾಳು ರೆಜಿಮೆಂಟ್ ಕಟ್ಟುತ್ತಿತ್ತು. 1915ರಲ್ಲಿ ಹುಟ್ಟಿದ ಸಸ್ಸಾರಿಯ 151 ಮತ್ತು 152ನೇ ರೆಜಿಮೆಂಟುಗಳಿಗೆ ಮಾತ್ರ ಬಹುತೇಕ ಸಾರ್ಡಿನಿಯಾ ದ್ವೀಪದ ರೈತರು, ಕುರಿಗಾಹಿಗಳನ್ನೇ ತುಂಬಿದರು. ಕಂದಕದಲ್ಲಿ ಅವರ ಮಾತು ಸಾರ್ಡಿನಿಯನ್. ಎರಡೂ ರೆಜಿಮೆಂಟಿಗೆ ಎರಡೆರಡು ಚಿನ್ನದ ಪದಕ ಬಂತು. ಸತ್ತವರೂ ಅದೇ ದ್ವೀಪದ ಹಳ್ಳಿಗಳವರೇ...

'ಒಂದೇ ಭಾಷೆ ಇದ್ದದ್ದಕ್ಕೇ ಆ ಶೌರ್ಯ' ಅಂತ ಹೊಗಳೋದು ನನಗೆ ಅರ್ಧ ಸತ್ಯ ಅನಿಸುತ್ತೆ. 1919ರಲ್ಲಿ ಇದೇ ಬ್ರಿಗೇಡನ್ನು ಟ್ಯೂರಿನ್ನಿಗೆ, ಕಾರ್ಮಿಕರನ್ನು ಹದ್ದುಬಸ್ತಿನಲ್ಲಿಡಲು ಕಳಿಸಿದರು. ಅಲ್ಲಿ ಗ್ರಾಂಶಿ ಇದ್ದ, ಅವನೂ ಸಾರ್ಡಿನಿಯಾದವನೇ! ಅವನ ಸಂಗಾತಿಗಳು ಸೈನಿಕರ ಜೊತೆ ಮಾತಿಗಿಳಿದರು. ಜುಲೈ ಮುಷ್ಕರಕ್ಕೆ ಮುಂಚೆಯೇ ಬ್ರಿಗೇಡನ್ನು ರಾತ್ರೋರಾತ್ರಿ ಅಲ್ಲಿಂದ ಎತ್ತಂಗಡಿ ಮಾಡಿದರು. ಭಾಷೆ ಸರ್ಕಾರದ ಮಾತು ಕೇಳೋ ಸಾಮಾನಲ್ಲ ನೋಡಿ.

1921ರಲ್ಲಿ ಈ ಬ್ರಿಗೇಡಿನ ಆಫೀಸರ್ ಆಗಿದ್ದ ಎಮಿಲಿಯೊ ಲುಸ್ಸು ಮತ್ತು ಇತರ ಮಾಜಿ ಸೈನಿಕರು ಸೇರಿ ದ್ವೀಪಕ್ಕೆ ಸ್ವಾಯತ್ತತೆ ಕೇಳುವ ಪಕ್ಷವನ್ನೇ ಕಟ್ಟಿದರು. ಪದಕಕ್ಕಿಂತ ನನಗೆ ಇದೇ ದೊಡ್ಡದು.

1988ರಲ್ಲಿ ಬ್ರಿಗೇಡನ್ನು ಮತ್ತೆ ಕಟ್ಟಿದರು. ಈಗ 151 ಕಾಲ್ಯಾರಿಯಲ್ಲಿ, 152 ಸಸ್ಸಾರಿ ಪಟ್ಟಣದಲ್ಲಿ. ಜೊತೆಗೆ ಟೋಪಿಗೆ ಪುಕ್ಕ ಸಿಕ್ಕಿಸುವ ಬೆರ್ಸಾಲ್ಯೇರಿಗಳ 3ನೇ ರೆಜಿಮೆಂಟೂ ಇದೆ. 'ದಿಮೋನಿಯೋಸ್' ಅನ್ನೋ ಅವರ ಹಾಡು ಸಾರ್ಡಿನಿಯನ್ನಲ್ಲೇ ಇದೆ. ಸರ್ಕಾರಿ ಪೆರೇಡಿನಲ್ಲೂ ಅದನ್ನೇ ಹಾಡ್ತಾರೆ.