ಓಣಿಯ ಅಗಲ ಎಷ್ಟು?

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಒಂದಕ್ಕೊಂದು ಬೆನ್ನು ಮಾಡಿ ನಿಂತ ಎರಡು ಮನೆಸಾಲುಗಳ ನಡುವೆ ಸಣ್ಣದೊಂದು ಓಣಿ ಸಿಗುತ್ತದೆ. ಊರವರ ಬಾಯಲ್ಲಿ ಅದು ಕನ್ಸರ್ವೆನ್ಸಿ. ಒಳಚರಂಡಿ ಇಲ್ಲದ ಕಾಲದಲ್ಲಿ ಮಲ ಹೊರುವ ಜನ ಹಿತ್ತಿಲ ಕಡೆಯಿಂದಲೇ ಬಂದು ಹಿತ್ತಿಲ ಕಡೆಯಿಂದಲೇ ಹೋಗಲಿ ಎಂದು ಬಿಟ್ಟ ದಾರಿ ಅದು. ಊರಿನ ನೈರ್ಮಲ್ಯ, ಊರಿನ ಜಾತಿ ಎರಡೂ ಅಲ್ಲಿ ಒಂದೇ ಗೆರೆಯಲ್ಲಿ ದಾಖಲಾಗಿವೆ. ಈಗ ಹಲವು ಕನ್ಸರ್ವೆನ್ಸಿಗಳಲ್ಲಿ ಕೆಟ್ಟು ನಿಂತ ಸ್ಕೂಟರು, ನೀರಿನ ಡ್ರಮ್ಮು, ಒಡೆದ ಟೈಲ್ಸಿನ ರಾಶಿ. ಕೆಲವೆಡೆ ಯಾರೋ ಎಬ್ಬಿಸಿಕೊಂಡ ಶೀಟಿನ ಮಾಡು. ಮೊಬೈಲಿನ ಮ್ಯಾಪು ಈ ಓಣಿಯನ್ನು ತೋರಿಸಿದರೂ ಒಂದು ತೆಳು ಗೆರೆಯಾಗಿ ತೋರಿಸೀತು. ಬೆಂಕಿ ಬಿದ್ದ ರಾತ್ರಿ ಅಗ್ನಿಶಾಮಕ ದಳಕ್ಕೆ ಬೇಕಾಗುವುದು ಗೆರೆಯ ಮೇಲೆ ನಿಂತ ಡ್ರಮ್ಮಿನ ಸುದ್ದಿ.

ವಿಪತ್ತು ನಿರ್ವಹಣೆಯಲ್ಲಿ ಉಪಗ್ರಹ ಚಿತ್ರ, ಜಿಪಿಎಸ್, ಜಿಐಎಸ್ ಎಂಬ ಮಾತುಗಳು ಈಗ ಜಿಲ್ಲಾಡಳಿತದ ಪ್ರತಿ ಸಭೆಯಲ್ಲೂ ಕೇಳಿಬರುತ್ತವೆ. ಹಾಗೆ ನೋಡಿದರೆ ಮೈಸೂರಿಗೂ ನಕ್ಷೆಗೂ ಆಪತ್ತೇ ಹಳೆಯ ನಂಟು ಬೆಸೆದಿದೆ. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಮೈಸೂರಿಗೂ ಕಾಲಿಟ್ಟಿತು. ಜನ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಂಡರು. ಇಕ್ಕಟ್ಟು ಕೇರಿಗಳನ್ನು ಸಡಿಲಿಸದೆ ಊರು ಉಳಿಯದು ಎಂಬುದು ಸರ್ಕಾರಕ್ಕೆ ಮನವರಿಕೆಯಾಯಿತು. 1903ರಲ್ಲಿ ನಗರ ಸುಧಾರಣಾ ಟ್ರಸ್ಟ್ ಮಂಡಳಿ ಹುಟ್ಟಿತು. ಮುಂದೆ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಮುಡಾ, ಆದದ್ದು ಇದೇ. ಎಲ್ಲಿ ಗಾಳಿ ಬೆಳಕಿಲ್ಲ, ಮೋರಿ ಎತ್ತ ಹರಿಯಬೇಕು, ಯಾವ ಗೋಡೆ ಕೆಡವಬೇಕು ಎಂದು ಅಳೆದು ಗುರುತು ಹಾಕದೆ ಆ ಮಂಡಳಿಯ ಒಂದು ಕೆಲಸವೂ ಸಾಗುವಂತಿರಲಿಲ್ಲ. ಇಂದಿಗೂ ಮೈಸೂರಿಗೆ ಅಚ್ಚುಕಟ್ಟಾದ ಊರೆಂಬ ಹೆಸರು ಇದ್ದರೆ ಅದರಲ್ಲಿ ಆ ಅಳತೆಪಟ್ಟಿಯವರ ಪಾಲು ದೊಡ್ಡದು. ಒಂದೇ ಕೊರತೆ: ಅಳೆಯುವವರು ಬಂದದ್ದು ಹೆಣಗಳು ಬಿದ್ದ ಮೇಲೆ.

ಈಗಿನ ಉದಾಹರಣೆಗೆ ಲಷ್ಕರ್ ಮೊಹಲ್ಲಾ ನೋಡಿ. ಕೋಟೆ, ದೇವರಾಜ, ಕೃಷ್ಣರಾಜ, ಚಾಮರಾಜ, ಮಂಡಿ, ನಜರ್‌ಬಾದ್ ಜೊತೆಗೆ ಹಳೆಯ ಮೈಸೂರಿನ ಏಳು ಮೊಹಲ್ಲಾಗಳಲ್ಲಿ ಅದೂ ಒಂದು. ಅಶೋಕ ರಸ್ತೆಯ ಅಂಗಡಿಸಾಲು, ಇರ್ವಿನ್ ರಸ್ತೆಯ ಗಿಜಿಗಿಜಿ, ಸಬರ್ಬನ್ ಬಸ್ ನಿಲ್ದಾಣದ ಜನಸಂದಣಿ, ದೂರಕ್ಕೂ ಕಾಣುವ ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರ. ಇಷ್ಟು ಗುರುತು ಹೇಳಿದರೆ ಊರವರಿಗೆ ಸಾಕು. ಕಂಟ್ರೋಲ್ ರೂಮಿಗೆ ಸಾಲದು.

ಇಲ್ಲಿನ ಮನೆಯೊಂದರಿಂದ ತುರ್ತು ಸಂಖ್ಯೆ 112ಕ್ಕೆ ಕರೆ ಹೋಯಿತು ಎಂದಿಟ್ಟುಕೊಳ್ಳಿ. “ಎಲ್ಲಿಂದ ಮಾತಾಡ್ತಿದ್ದೀರಿ?” “ಲಷ್ಕರ್ ಮೊಹಲ್ಲಾ ಸರ್, ಚರ್ಚ್ ಹಿಂದೆ.” “ಎಷ್ಟನೇ ಕ್ರಾಸು?” “ಬೇಕರಿ ಪಕ್ಕದ ಗಲ್ಲಿ ಸರ್, ಬೇಗ ಬನ್ನಿ.” ಡೋರ್ ನಂಬರ್ ಕೇಳಿದರೆ ಹಳೆಯದೊಂದು, ಹೊಸದೊಂದು, ಮಧ್ಯೆ ಅಣ್ಣತಮ್ಮಂದಿರು ಪಾಲಾದಾಗ ಸೇರಿದ ಬಾರ್ ಒನ್, ಬಾರ್ ಟೂ. ಕರೆ ಮಾಡಿದವರ ಫೋನು ಎಲ್ಲಿದೆ ಎಂದು ಪರದೆ ತೋರಿಸುತ್ತದೆ, ಗಸ್ತು ವಾಹನದ ಜಿಪಿಎಸ್ಸೂ ಅಲ್ಲೇ ಮಿನುಗುತ್ತದೆ. ಆದರೆ ಬಯಲಲ್ಲಿ ನಾಲ್ಕೈದು ಮೀಟರ್ ನಿಖರತೆ ಕೊಡುವ ಫೋನು, ಎತ್ತರದ ಗೋಡೆಗಳ ನಡುವೆ ಸಂಕೇತ ತಾಗಿ ತಾಗಿ ಬರುವಾಗ ಪಕ್ಕದ ಬೀದಿಗೆ ಜಾರುವುದುಂಟು. ಲಷ್ಕರ್‌ನಂಥ ಕಡೆ ಪಕ್ಕದ ಬೀದಿ ಎಂದರೆ ಒಂದಿಡೀ ಸುತ್ತು ಹಾಕಿ ಬರಬೇಕಾದ ಬೀದಿ. ಮನೆ ಎರಡನೇ ಮಹಡಿಯಲ್ಲಿದೆಯೇ, ಮೆಟ್ಟಿಲು ಸ್ಟ್ರೆಚರ್ ತಿರುಗುವಷ್ಟು ಅಗಲವಿದೆಯೇ ಎಂಬುದನ್ನು ಯಾವ ಚುಕ್ಕಿಯೂ ಹೇಳುವುದಿಲ್ಲ. 108 ಆಂಬುಲೆನ್ಸ್ ಸೇವೆ ರಾಜ್ಯದಲ್ಲಿ ಶುರುವಾಗಿದ್ದು 2008ರ ನವೆಂಬರ್ 1ರಂದು. ಇಷ್ಟು ವರ್ಷವಾದರೂ ಮೊಹಲ್ಲಾದ ಹುಡುಗನೊಬ್ಬ ಮುಖ್ಯರಸ್ತೆಗೆ ಓಡಿಬಂದು ಕೈಬೀಸುವುದೇ ಕೊನೆಯ ನೂರು ಗಜದ ದಾರಿಸೂಚಿ.

ಈ ತೊಡಕಿಗೆ ಅಂಚೆ ಇಲಾಖೆ ಒಂದು ಉತ್ತರ ಹುಡುಕಿದೆ. 1972ರ ಆಗಸ್ಟ್ 15ರಿಂದ ಜಾರಿಯಲ್ಲಿರುವ ಪಿನ್‌ಕೋಡ್ ಒಂದು ದೊಡ್ಡ ಪ್ರದೇಶಕ್ಕೆ ಒಂದೇ ಸಂಖ್ಯೆ ಕೊಡುತ್ತದೆ. 2025ರಲ್ಲಿ ಇಲಾಖೆ ಹೊರತಂದ ಡಿಜಿಪಿನ್ ಇಡೀ ದೇಶವನ್ನು ಸುಮಾರು ನಾಲ್ಕು ಮೀಟರ್ ಉದ್ದಗಲದ ಚೌಕಗಳಾಗಿ ಕತ್ತರಿಸಿ, ಚೌಕಕ್ಕೊಂದರಂತೆ ಹತ್ತು ಅಕ್ಷರ ಮತ್ತು ಅಂಕಿಗಳ ಗುರುತು ಕೊಡುತ್ತದೆ. ಹೈದರಾಬಾದಿನ ಐಐಟಿ ಮತ್ತು ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಇದರ ಜೊತೆಗಾರರು. ಅಕ್ಷಾಂಶ ರೇಖಾಂಶದಿಂದಲೇ ಹುಟ್ಟುವ ಗುರುತಾದ್ದರಿಂದ ಇದಕ್ಕೆ ಮಾಲೀಕನ ಹೆಸರು ಬೇಡ, ಪಾಲುಪಟ್ಟಿ ಬೇಡ. ಜಾಗ ಯಾವುದು ಎನ್ನುವ ಪ್ರಶ್ನೆ ಇಲ್ಲಿಗೆ ಬಹುಮಟ್ಟಿಗೆ ಮುಗಿಯುತ್ತದೆ. ಅಲ್ಲಿಗೆ ಹೋಗುವುದು ಹೇಗೆ ಎನ್ನುವುದು ಬಾಕಿ ಉಳಿಯುತ್ತದೆ.

ಕೋವಿಡ್ ಕಾಲದಲ್ಲಿ ಕರ್ನಾಟಕ ನಕ್ಷೆಯನ್ನು ನೆಚ್ಚಿಕೊಂಡ ಬಗೆ ಈ ವಿಷಯದಲ್ಲಿ ದೊಡ್ಡ ಪಾಠ. ಸೋಂಕಿತರು ಓಡಾಡಿದ ಜಾಗಗಳನ್ನು ತೋರಿಸುವ ಕೊರೊನಾ ವಾಚ್ ಆ್ಯಪ್ ಬಂತು. ರಾಜ್ಯದ ದೂರಸಂವೇದಿ ಅನ್ವಯಿಕ ಕೇಂದ್ರ ಅದರ ಹಿಂದಿತ್ತು. 2020ರ ಮಾರ್ಚ್ 30ರಂದು ಹೊರಟ ಆದೇಶದಂತೆ ಮನೆ ಕ್ವಾರಂಟೈನ್‌ನಲ್ಲಿದ್ದವರು ಬೆಳಗಿನ ಏಳರಿಂದ ರಾತ್ರಿ ಹತ್ತರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಬೇಕಿತ್ತು. ಫೋಟೊದ ಜೊತೆ ಜಾಗದ ಗುರುತೂ ಹೋಗುತ್ತಿತ್ತು. ಸೋಂಕು ಎಲ್ಲಿ ಗುಂಪುಗೂಡುತ್ತಿದೆ ಎಂಬುದು ಅಧಿಕಾರಿಗಳಿಗೆ ಬೇಗ ಕಂಡದ್ದು ನಿಜ. ಕ್ವಾರಂಟೈನ್‌ನಲ್ಲಿದ್ದವರ ವಿಳಾಸಗಳು ಜಿಲ್ಲಾವಾರು ಪಟ್ಟಿಯಾಗಿ ಬಹಿರಂಗಕ್ಕೆ ಬಂದು, ವಾಟ್ಸ್ಆ್ಯಪ್‌ನಲ್ಲಿ ಹರಿದು, ನೆರೆಹೊರೆಯವರು ಮುಖ ತಿರುಗಿಸಲು ಕಾರಣವಾದದ್ದೂ ಅಷ್ಟೇ ನಿಜ. ರೋಗಿಯನ್ನು ಕಾಪಾಡಲು ಹಾಕಿದ ಗುರುತು ರೋಗಿಯ ಬಾಗಿಲಿಗೆ ಅಂಟಿದ ಕಳಂಕವಾಯಿತು.

ಸೀಲ್‌ಡೌನಿನ ಗೆರೆ ಎಳೆಯುವುದರಲ್ಲೂ ಹೀಗೆಯೇ. ಮೊದಲು ಕಿಲೋಮೀಟರ್ ಲೆಕ್ಕದಲ್ಲಿದ್ದ ವೃತ್ತ ಬರಬರುತ್ತಾ ಬೀದಿಗೆ ಇಳಿದು, ಕೊನೆಗೆ ಒಂದು ಮನೆಗೆ ಬಂದು ನಿಂತಿತು. ನಕ್ಷೆಯ ಮೇಲೆ ಕೈವಾರ ಊರಿ ಸುತ್ತು ಹಾಕುವುದು ಸುಲಭ. ಹಿತ್ತಿಲ ಗೋಡೆ ಒಂದೇ ಆಗಿರುವ ಎರಡು ಮನೆಗಳು ಬೇರೆ ಬೇರೆ ಕ್ರಾಸಿಗೆ ಸೇರಿದ್ದರೆ, ಬೀದಿ ಮುಚ್ಚಿದ ಬೊಂಬು ತಗಡುಗಳು ಒಂದನ್ನು ಒಳಗೆ, ಇನ್ನೊಂದನ್ನು ಹೊರಗೆ ಮಾಡುತ್ತವೆ. ಯಾರ ಮನೆಯ ಹಿತ್ತಿಲು ಯಾರದಕ್ಕೆ ತೆರೆದುಕೊಳ್ಳುತ್ತದೆ ಎಂಬುದು ಗೊತ್ತಿದ್ದವರು ಆಶಾ ಕಾರ್ಯಕರ್ತೆಯರು ಮತ್ತು ಪೌರಕಾರ್ಮಿಕರು.

ಉಪಗ್ರಹಗಳ ಉಪಕಾರ ಸಣ್ಣದೇನಲ್ಲ. 1988ರಲ್ಲಿ ಬರದ ಮೇಲೆ ಕಣ್ಣಿಡಲು ಕರ್ನಾಟಕ ಕಟ್ಟಿದ ಘಟಕವೇ ಈಗಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿ ಮಟ್ಟದವರೆಗೆ ಅದರ ಮಳೆಮಾಪಕಗಳಿವೆ. ಮೈಸೂರು ಜಿಲ್ಲೆಯ ನೆರೆಯ ವಯನಾಡಿನಲ್ಲಿ 2024ರ ಜುಲೈ 30ರ ನಸುಕಿನಲ್ಲಿ ಗುಡ್ಡ ಜಾರಿದಾಗ ಮೋಡ ಕವಿದಿತ್ತು. ಮೋಡದ ಮರೆಯಲ್ಲೂ ಕಾಣಬಲ್ಲ ರೇಡಾರ್ ಉಪಗ್ರಹ ರಿಸ್ಯಾಟ್ ಮತ್ತು ಕಾರ್ಟೊಸ್ಯಾಟ್-3 ತೆಗೆದ ಚಿತ್ರಗಳಿಂದ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಕೆಲವೇ ದಿನಗಳಲ್ಲಿ ಹೇಳಿತು: ಸುಮಾರು 86,000 ಚದರ ಮೀಟರ್ ನೆಲ ಕುಸಿದಿದೆ, ಮಣ್ಣುಕಲ್ಲು ಎಂಟು ಕಿಲೋಮೀಟರ್‌ವರೆಗೆ ನದಿಗುಂಟ ಹರಿದಿದೆ. ರಕ್ಷಣೆಗೆ ಇಳಿದವರಿಗೆ ಎಲ್ಲಿ ಹುಡುಕಬೇಕೆಂಬ ಅಂದಾಜು ಸಿಕ್ಕಿತು.

ಅದೇ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿದ್ದಿತು. ಲಾರಿಯೊಂದು ಕೇರಳದ ಚಾಲಕನ ಸಮೇತ ಕಾಣೆಯಾಯಿತು. ಮೊದಲು ರಸ್ತೆಯ ಮಣ್ಣಿನಡಿ ಹುಡುಕಾಟ, ಆಮೇಲೆ ಗಂಗಾವಳಿ ನದಿಯಲ್ಲಿ. ರೇಡಾರ್ ಬಂತು, ಸೋನಾರ್ ಬಂತು, ಡ್ರೋನ್ ಬಂತು. ನೀರಿನಡಿ ಲೋಹವಿರಬಹುದಾದ ಬಿಂದುಗಳನ್ನು ಯಂತ್ರಗಳು ಗುರುತಿಸಿದವು. ಮಳೆಗಾಲದ ಸೆಳವು ಮುಳುಗುಗಾರರನ್ನು ಹತ್ತಿರ ಬಿಡಲಿಲ್ಲ. ಹೂಳೆತ್ತುವ ಯಂತ್ರ ಇಳಿದು ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ರಂದು. ಬಿಂದು ಗೊತ್ತಾದರೂ ದಾರಿ ಸಿಗದೆ ಎರಡು ತಿಂಗಳಿಗೂ ಹೆಚ್ಚು ಕಾಲ ಹೋಯಿತು.

ಲಷ್ಕರ್ ಮೊಹಲ್ಲಾದ ಅಪಾಯಗಳಿಗೆ ಗುಡ್ಡದ ಗಾತ್ರವಿಲ್ಲ. ಇಲ್ಲಿ ಭಯ ಬೆಂಕಿಯದು, ಹಳೆ ಗೋಡೆಯದು, ನಿಂತ ನೀರಿನದು. 1897ರಲ್ಲಿ ಮರದ ಅರಮನೆಯನ್ನೇ ಬೆಂಕಿಗೆ ಕಳೆದುಕೊಂಡ ಊರಿದು. ಪಕ್ಕದ ದೇವರಾಜ ಮೊಹಲ್ಲಾದಲ್ಲಿ 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ಸತ್ತರು. ಸರಿಯಾಗಿ ನಾಲ್ಕು ವರ್ಷಕ್ಕೆ, 2016ರ ಆಗಸ್ಟ್‌ನಲ್ಲಿ, ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ ನೆಲಕ್ಕೊರಗಿತು. ಎರಡೂ ನಡೆದದ್ದು ಮಳೆಗಾಲದಲ್ಲಿ, ಊರಿನ ನಟ್ಟನಡುವೆ, ಎಲ್ಲರ ಕಣ್ಣೆದುರಿಗಿದ್ದ ಕಟ್ಟಡಗಳಲ್ಲಿ. ಕಟ್ಟಡದ ವಯಸ್ಸು, ಗಾರೆಯ ಸ್ಥಿತಿ, ಕೆಳಗೆ ಎಷ್ಟು ಮಂದಿ ವ್ಯಾಪಾರ ಮಾಡುತ್ತಾರೆ ಎಂಬ ಮೂರು ವಿವರಗಳನ್ನು ಒಂದೇ ನಕ್ಷೆಯ ಮೇಲೆ ಕೂಡಿಸಿ ಇಟ್ಟಿದ್ದರೆ ಎಲ್ಲಿ ಮೊದಲು ಬೀಗ ಹಾಕಿಸಬೇಕೆಂದು ಯಾವ ತಹಶೀಲ್ದಾರರಿಗೂ ತಿಳಿಯುತ್ತಿತ್ತು.

ನೀರಿನ ಮಾತಿಗೆ ಬಂದರೆ ಹಳೆಯ ನಕ್ಷೆಯೇ ಹೊಸದಕ್ಕಿಂತ ಜಾಣ. ದಸರಾ ವಸ್ತುಪ್ರದರ್ಶನ ನಡೆಯುವ ದೊಡ್ಡಕೆರೆ ಮೈದಾನ ನಿಜಕ್ಕೂ ಕೆರೆಯಾಗಿತ್ತು. ಉದ್ಯಾನವಾಗಿರುವ ಸುಬ್ಬರಾಯನಕೆರೆಯ ಕಥೆಯೂ ಅದೇ. ಕೆರೆ ಮುಚ್ಚಿದರೂ ಇಳಿಜಾರು ಬದಲಾಗುವುದಿಲ್ಲ. ಜೋರು ಮಳೆಗೆ ನೀರು ತನ್ನ ಹಳೆಯ ತಗ್ಗನ್ನೇ ಹುಡುಕಿಕೊಂಡು ಹೋಗುತ್ತದೆ. ಇಂದಿನ ರಸ್ತೆಯ ನಕ್ಷೆಯಡಿ ನೂರು ವರ್ಷದ ಹಿಂದಿನ ಕೆರೆಕಾಲುವೆಗಳ ನಕ್ಷೆ ಹಾಸಿದರೆ, ಯಾವ ನೆಲಮಾಳಿಗೆಯಲ್ಲಿ ಜನರೇಟರ್ ಇಡಬಾರದು ಎಂಬುದು ಗೊತ್ತಾಗುತ್ತದೆ.

ಮೂಲಸಾಮಗ್ರಿ ಇಲ್ಲವೆಂದಲ್ಲ. ನಗರದ ಆಸ್ತಿಗಳನ್ನು ಅಳೆದು ಹಕ್ಕುಪತ್ರ ಕೊಡುವ ಯುಪಿಒಆರ್ ಯೋಜನೆಯನ್ನು ರಾಜ್ಯ ಮೊದಲು ಕೈಗೆತ್ತಿಕೊಂಡ ನಗರಗಳಲ್ಲಿ ಮೈಸೂರೂ ಒಂದು. ನಿಂತ ಜಾಗದ ಸರ್ವೆ ನಂಬರ್ ಹೇಳುವ ದಿಶಾಂಕ್ ಆ್ಯಪ್ 2018ರಿಂದ ಜನರ ಕೈಯಲ್ಲಿದೆ. ನಕ್ಷೆ ಮಾಡುವುದರ ಮೇಲಿದ್ದ ಹಳೆಯ ಕಟ್ಟುಪಾಡುಗಳನ್ನು ಕೇಂದ್ರ 2021ರ ಫೆಬ್ರುವರಿಯಲ್ಲಿ ಬಹುಪಾಲು ಸಡಿಲಿಸಿದೆ. ತೆರಿಗೆ ವಸೂಲಿಗೆ, ಹಕ್ಕಿನ ವ್ಯಾಜ್ಯಕ್ಕೆ ಅಳತೆ ಬೇಕು ಎಂದಾಗ ಹಣ, ಸಿಬ್ಬಂದಿ ಎರಡೂ ಸಿಗುತ್ತವೆ. ಅದೇ ಅಳತೆಗೆ ಓಣಿಯ ಅಗಲ, ತಗ್ಗಿ ಜೋತ ವಿದ್ಯುತ್ ತಂತಿಯ ಎತ್ತರ, ನೀರು ತುಂಬಿಸಿಕೊಳ್ಳುವ ಜಾಗ, ಗ್ಯಾಸ್ ಸಿಲಿಂಡರ್ ಇಡುವ ಅಂಗಡಿ ಎಂದು ನಾಲ್ಕು ಅಂಕಣ ಸೇರಿಸುವ ಕೆಲಸಕ್ಕೆ ಮಾತ್ರ ವಾರಸುದಾರರಿಲ್ಲ.

ಜನ ಸೇರಿ ಮಾಡಿದ ಉದಾಹರಣೆಗಳಿವೆ. 2010ರ ಜನವರಿಯ ಭೂಕಂಪದ ಹೊತ್ತಿಗೆ ಹೈಟಿಯ ರಾಜಧಾನಿಗೆ ನೆಚ್ಚಬಹುದಾದ ಬೀದಿ ನಕ್ಷೆ ಇರಲಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಸ್ವಯಂಸೇವಕರು ಜಗತ್ತಿನ ಮೂಲೆಮೂಲೆಗಳಲ್ಲಿ ಕುಳಿತು ಉಪಗ್ರಹ ಚಿತ್ರ ನೋಡಿ ಕೆಲವೇ ವಾರಗಳಲ್ಲಿ ಬೀದಿಗಳ ಗೆರೆ ಎಳೆದರು. ಪರಿಹಾರಕ್ಕೆ ಇಳಿದ ಸಂಸ್ಥೆಗಳು ಅದನ್ನೇ ಬಳಸಿದವು. ದೂರದವರು ಮೇಲಿನಿಂದ ನೋಡಿ ಅಷ್ಟು ಮಾಡಬಹುದಾದರೆ, ಒಂದು ಮೊಹಲ್ಲಾದ ಕಾಲೇಜು ಹುಡುಗರು ಬೀಟ್ ಪೊಲೀಸ್, ವಾಟರ್‌ಮ್ಯಾನ್, ಲೈನ್‌ಮನ್ ಜೊತೆ ಟೇಪು ಹಿಡಿದು ನಡೆದರೆ ಒಂದು ವಾರ್ಡು ಮುಗಿಸಲು ಬಹಳ ದಿನ ಹಿಡಿಯದು. ಹಾಸಿಗೆ ಹಿಡಿದ ವೃದ್ಧರ ಮನೆ ಯಾವುದು ಎಂಬಂಥ ವಿವರ ಠಾಣೆ ಮತ್ತು ಆಸ್ಪತ್ರೆಯ ಒಳಗೇ ಉಳಿಯಬೇಕು. ಕ್ವಾರಂಟೈನ್ ಪಟ್ಟಿಗೆ ಆದ ಗತಿ ಅದಕ್ಕೆ ಆಗಬಾರದು. ಬೀದಿ ಬದಲಾದಂತೆ ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು, ನಕ್ಷೆಯನ್ನು ತಿದ್ದಬೇಕು. ಪಾಲಿಕೆ ಮತ್ತು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಹೊಸ ಆ್ಯಪ್ ಬಿಡುಗಡೆ ಸಮಾರಂಭಕ್ಕೆ ಮುನ್ನ ಈ ಕಾಲ್ನಡಿಗೆಯ ಕೆಲಸಕ್ಕೆ ಆದೇಶ ಹೊರಡಿಸಲಿ.

ಅಷ್ಟರವರೆಗೆ ಓದುಗರು ಮಾಡಬಹುದಾದದ್ದೊಂದಿದೆ. ಅಂಚೆ ಇಲಾಖೆಯ ತಾಣದಲ್ಲಿ ನಿಮ್ಮ ಮನೆಯ ಡಿಜಿಪಿನ್ ನೋಡಿ. ಡೋರ್ ನಂಬರ್, ಕ್ರಾಸು, ಮಹಡಿ, ದೊಡ್ಡ ವಾಹನ ಯಾವ ಕಡೆಯಿಂದ ಒಳಗೆ ಬರಬಲ್ಲದು ಎಂಬುದರ ಜೊತೆ ಅದನ್ನೂ ದಪ್ಪ ಅಕ್ಷರದಲ್ಲಿ ಬರೆದು ಮೀಟರ್ ಬೋರ್ಡಿನ ಪಕ್ಕ ಅಂಟಿಸಿ. ಮನೆಯ ಮಕ್ಕಳಿಗೆ, ಕೆಲಸಕ್ಕೆ ಬರುವವರಿಗೆ ಒಂದು ಸಲ ಓದಿ ತೋರಿಸಿ. 112ರ ಕರೆ ಮಾಡುವವರು ಮನೆಯ ಯಜಮಾನರೇ ಆಗಿರಬೇಕೆಂದಿಲ್ಲ.